ಕಾನಿನ ದಾರಿಯಲ್ಲಿ ಈರ್ಯಾ ಸಮಿತಿ

ಜೈನ ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾ ಸಮಿತಿ. ಈರ್ಯೆ ಎಂದರೆ ನಡಿಗೆ. ಸಮಿತಿ ಎಂದರೆ ಎಚ್ಚರದಿಂದ ಕೂಡಿದ ಪ್ರವೃತ್ತಿ. ಮಾತು, ಆಹಾರ ಮೊದಲಾದವುಗಳ ನಿಯಮಕ್ಕಿಂತ ಮುಂಚೆ ಶಾಸ್ತ್ರಕಾರರು ನಡಿಗೆಯ ನಿಯಮವನ್ನು ಹೇಳಿದ್ದಾರೆ. ಮನುಷ್ಯನು ಹಗಲಿಡೀ ಯೋಚಿಸದೆಯೇ ಮಾಡುವ ಕ್ರಿಯೆ ಅದು. ಆದ್ದರಿಂದಲೇ ಅಲ್ಲಿ ಪ್ರಮಾದಕ್ಕೆ ಅವಕಾಶ ಹೆಚ್ಚು.

ಶ್ರಾವಕನಿಗೆ ಮುನಿಯಷ್ಟು ಕಠಿಣ ನಿಯಮವಿಲ್ಲ. ಆದರೂ ಅವನ ನಡಿಗೆ ಶಾಸ್ತ್ರದ ಕಣ್ಣಿನಿಂದ ತಪ್ಪಿಸಿಕೊಂಡಿಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು, ಅಂದರೆ ಪ್ರಯೋಜನವಿಲ್ಲದೆ ಮಾಡುವ ಪಾಪವನ್ನು ವಿವರಿಸುತ್ತಾರೆ. ಅದರಲ್ಲಿ ಪ್ರಮಾದಚರ್ಯೆ ಒಂದು ಭೇದ. ವೃಥಾ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಇವುಗಳ ಸಾಲಿನಲ್ಲಿಯೇ ಸುಮ್ಮನೆ ತಿರುಗಾಡುವುದನ್ನೂ ಇತರರನ್ನು ತಿರುಗಾಡಿಸುವುದನ್ನೂ ಆಚಾರ್ಯರು ಸೇರಿಸಿದ್ದಾರೆ. ಹಾಗಾದರೆ ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡು-ಕೆರೆಗಳ ಕಡೆ ನಡೆದುಹೋಗುವ ಗೃಹಸ್ಥನು ಅನರ್ಥದಂಡಕ್ಕೆ ಗುರಿಯಾಗುತ್ತಾನೆಯೇ?

ಉತ್ತರಕ್ಕೆ ‘ಮೂಲಾಚಾರ’ದ ಕಡೆ ನೋಡಬೇಕು. ಮುನಿಯ ನಡಿಗೆಗೆ ಅಲ್ಲಿ ನಾಲ್ಕು ಶುದ್ಧಿಗಳನ್ನು ಹೇಳಿದೆ: ಮಾರ್ಗಶುದ್ಧಿ, ಉದ್ಯೋತಶುದ್ಧಿ, ಉಪಯೋಗಶುದ್ಧಿ, ಆಲಂಬನಶುದ್ಧಿ.

ಜನ, ದನ, ಗಾಡಿಗಳು ಓಡಾಡಿ ಸವೆದ, ಬಿಸಿಲು ಬಿದ್ದು ಪ್ರಾಸುಕವಾದ ದಾರಿಯಲ್ಲಿ ನಡೆಯುವುದು ಮಾರ್ಗಶುದ್ಧಿ. ಈ ನಿಯಮದ ಬೆಲೆ ತಿಳಿಯಬೇಕಾದರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನು ನೋಡಬೇಕು. ನಿತ್ಯಹಸಿರಿನ ದಟ್ಟ ಕಾಡಿಗೆ ಮಲೆನಾಡಿನಲ್ಲಿ ಕಾನು ಎಂದು ಹೆಸರು. ಅದರೊಳಗೆ ತೊರೆಯ ನೀರು ತಂಗುವ ಜೌಗಿನಲ್ಲಿ ರಾಮಪತ್ರೆಯ ಬಳಗದ ಮರಗಳು ಬೆಳೆದ ತಾಣವೇ ರಾಮಪತ್ರೆ ಜಡ್ಡಿ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಾಡದ ಕಾರಣ ಇಲ್ಲಿನ ಬೇರುಗಳು ಮಡಿಸಿದ ಮಂಡಿಯಂತೆ ನೆಲದಿಂದ ಮೇಲೆದ್ದು, ಉಸಿರಾಡಿ, ಮತ್ತೆ ಮಣ್ಣಿಗಿಳಿಯುತ್ತವೆ. ಈ ಮರಗಳ ದಪ್ಪ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬಿದ್ದ ಒದ್ದೆ ನೆಲದಲ್ಲಿಯೇ ಅದು ಸಸಿಯಾಗಬೇಕು. ಕಾನಿನ ಹೆಸರನ್ನೇ ಹೊತ್ತ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂಬ ಗೇರು ಬಳಗದ ಅಪರೂಪದ ಮರವನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿ ಹೆಸರಿಟ್ಟದ್ದು 2000ರಲ್ಲಿ. ಇಂಥಲ್ಲಿ ದಾರಿ ಬಿಟ್ಟು ಇಟ್ಟ ಒಂದೇ ಹೆಜ್ಜೆ ಉಸಿರಾಡುವ ಬೇರನ್ನೂ ಎಳೆಯ ಸಸಿಯನ್ನೂ ತುಳಿಯಬಲ್ಲದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಇರುವ ಕಾಲುದಾರಿಯನ್ನು ಬಿಡದೆ ನಡೆಯುವುದು ಇಲ್ಲಿ ಕಾನೂನೂ ಹೌದು, ಧರ್ಮವೂ ಹೌದು.

ಸೂರ್ಯನ ಬೆಳಕಿನಲ್ಲಿ ಮಾತ್ರ ನಡೆಯುವುದು ಉದ್ಯೋತಶುದ್ಧಿ. ಕಾನಿನೊಳಗೆ ನಡುಹಗಲೂ ಮಬ್ಬು. ಮಳೆಗಾಲದಲ್ಲಂತೂ ಎಲೆಯಡಿ ಉಂಬಳ, ಕಪ್ಪೆ, ಹುಳುಗಳು ತುಂಬಿರುತ್ತವೆ. ಕಾಲಿಗೆ ಹತ್ತಿದ ಉಂಬಳದ ಮೇಲೆ ಉಪ್ಪು ಸುರಿದು ಅದನ್ನು ಕೊಲ್ಲುವುದಕ್ಕಿಂತ ಆ ದಿನಗಳಲ್ಲಿ ಕಾನಿಗೆ ಹೋಗದಿರುವುದು ಲೇಸು. ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವುದರ ಹಿಂದಿರುವುದೂ ಇದೇ ಕರುಣೆ. ಶಿರಸಿ ತಾಲ್ಲೂಕಿನ ಸೋಂದೆಯಲ್ಲಿ ಸ್ವಾದಿ ಜೈನಮಠವಿದೆ. ಅದೇ ಊರಿನ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿಗಳು ಮಳೆಗಾಲದಲ್ಲಿ ಬಂದು, ನೀರಿನ ನಡುವಿನ ಮುಂಡಿಗೆಯ ಪೊದೆಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಹಕ್ಕಿಗೂ ಅದು ಒಂದೆಡೆ ನಿಲ್ಲುವ ಕಾಲ. ದಂಡೆಯಲ್ಲಿ ಮೌನವಾಗಿ ನಿಂತು ದೂರದಿಂದ ನೋಡಿದರೆ ಸಾಕು. ಚಪ್ಪಾಳೆ ತಟ್ಟಿ ಹಾರಿಸಿದರೆ ಮರಿಗಳು ತಾಯಿಯಿಲ್ಲದೆ ಮಳೆಯಲ್ಲಿ ನೆನೆಯುತ್ತವೆ.

ಮನಸ್ಸನ್ನು ಹೆಜ್ಜೆಯಲ್ಲಿಯೇ ನಿಲ್ಲಿಸುವುದು ಉಪಯೋಗಶುದ್ಧಿ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯಬೇಕೆಂಬುದು ಮುನಿಗೆ ವಿಧಿ. ಕಣ್ಣು ಮೊಬೈಲಿನ ಪರದೆಯಲ್ಲಿದ್ದರೆ ಕಾಲಿಗೆ ಕಣ್ಣಿರುವುದಿಲ್ಲ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಎಂಬ ಐದು ಸ್ಥಾವರಕಾಯಗಳು ಮತ್ತು ಚಲಿಸುವ ತ್ರಸಜೀವಗಳು ಎಂದು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಷಟ್ಕಾಯಗಳು, ಇರುವೆಯ ಸಾಲನ್ನು ದಾಟಿಸಿ ಕಾಲಿಡುವ ಮಗುವಿಗೆ ಕಣ್ಣೆದುರಿನ ಸತ್ಯವಾಗುತ್ತವೆ.

ಕೊನೆಯದಾದ ಆಲಂಬನಶುದ್ಧಿ ಎಲ್ಲಕ್ಕಿಂತ ಮುಖ್ಯ. ಆಲಂಬನವೆಂದರೆ ನಡಿಗೆಯ ಉದ್ದೇಶ. ದೇವವಂದನೆ, ತೀರ್ಥಯಾತ್ರೆ, ಶಾಸ್ತ್ರಾಭ್ಯಾಸಗಳಂಥ ಸತ್ಕಾರಣವಿಲ್ಲದೆ ಮುನಿ ಹೆಜ್ಜೆ ಕೀಳುವುದಿಲ್ಲ. ಬನವಾಸಿಗೆ ಸಮೀಪದ ಗುಡ್ನಾಪುರದ ಕೆರೆಯಂಚಿನಲ್ಲಿ ನಡೆಯುವವನಿಗೆ, ಕದಂಬ ರವಿವರ್ಮನ ಗುಡ್ನಾಪುರ ಶಾಸನ ಕಾಮಜಿನಾಲಯವನ್ನು ಹೇಳುತ್ತದೆ ಎಂಬುದು ನೆನಪಿದ್ದರೆ, ಆ ನಡಿಗೆಯೇ ವಂದನೆಯಾಗುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಾಡಿಗೆ ನಡೆದುಹೋಗಿ, ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅವರ ಆಲಂಬನ ಅಭಯದಾನವಾಗಿತ್ತು. ಅದೇ ಕಾಡಿಗೆ ಬಾಟಲಿ, ಪ್ಲಾಸ್ಟಿಕ್ ಪೊಟ್ಟಣಗಳೊಂದಿಗೆ ಮೋಜಿಗಾಗಿ ಹೋಗುವವನದೂ ನಡಿಗೆಯೇ. ಆದರೆ ಸಮಂತಭದ್ರರು ಎಚ್ಚರಿಸಿದ ತಿರುಗಾಟ ಅದು. ಕಾಡು ಒಂದೇ, ದಾರಿ ಒಂದೇ; ಕರ್ಮಬಂಧ ಮಾತ್ರ ಬೇರೆ.

ಹೀಗಾಗಿ ಶ್ರಾವಕನು ಕಾಡಿನ ಕಡೆ ಹೋಗಲೇಬಾರದೆಂದಿಲ್ಲ. ಜೀವತತ್ತ್ವವನ್ನು ಅರಿಯಲು, ಅರಿತು ಉಳಿಸಲು ಹೋಗಬಹುದು. ಹೊರಡುವ ಮುನ್ನ ದೇಶಾವಕಾಶಿಕ ವ್ರತದಂತೆ ಎಲ್ಲೆಯನ್ನೂ ಕಾಲವನ್ನೂ ಗೊತ್ತುಮಾಡಿಕೊಳ್ಳುವುದು ಒಳ್ಳೆಯ ರೂಢಿ. ಹೊಲ, ನದಿ, ಕಾಡುಗಳನ್ನೇ ಎಲ್ಲೆಯಾಗಿಟ್ಟುಕೊಳ್ಳಲು ಆಚಾರ್ಯರು ಹೇಳಿದ್ದಾರೆ. ಯಲ್ಲಾಪುರದವರು ಕವಡಿಕೆರೆಯ ದಂಡೆಯವರೆಗೆ, ಮಧ್ಯಾಹ್ನದೊಳಗೆ ಎಂದು ಸಂಕಲ್ಪಿಸಿದರೆ ಅದಕ್ಕಿಂತ ಸುಲಭವಾದ ವ್ರತ ಇನ್ನೊಂದಿಲ್ಲ. ಮರಳಿ ಬಂದ ಮೇಲೆ ಈರ್ಯಾಪಥಶುದ್ಧಿಯನ್ನು ಹೇಳಿ, ನಡೆದ ದಾರಿಯಲ್ಲಿ ತಿಳಿಯದೆ ನೊಂದ ಜೀವಗಳಲ್ಲಿ ಕ್ಷಮೆ ಬೇಡಬೇಕು. ಮುಂದಿನ ಸಲ ಹೆಜ್ಜೆ ಇನ್ನಷ್ಟು ಹಗುರಾಗುವುದು ಆ ಕ್ಷಮೆಯಿಂದಲೇ.