ಕೊರವ ಯಾವುದು, ಮಾಗೂರು ಯಾವುದು? ಗಾಳಕ್ಕೆ ಸಿಕ್ಕ ಬೇಟೆಗಾರ ಮೀನನ್ನು ಗುರುತಿಸುವ ಬಗೆ

ಬೆಂಗಳೂರಿನ ಸುತ್ತಿನ ಕೆರೆಗಳಲ್ಲಿ ಗಾಳಕ್ಕೆ ಬೀಳುವ ಬೇಟೆಗಾರ ಮೀನುಗಳಲ್ಲಿ ಎರಡು ಗುಂಪುಗಳು ಮುಖ್ಯ. ಒಂದು, ಹಾವಿನ ತಲೆಯನ್ನು ಹೋಲುವ ತಲೆಯ ಕೊರವ ಅಥವಾ ಮುರಲ್. ಮೈತುಂಬ ಹುರುಪೆ ಇರುತ್ತದೆ. ಇನ್ನೊಂದು, ಹುರುಪೆಯೇ ಇಲ್ಲದ ನುಣುಪು ಮೈಯ, ಮಾಗೂರಿನಂಥ ಮೀಸೆ ಮೀನು. ಗುಂಪನ್ನು ಗುರುತಿಸುವುದು ಸುಲಭ. ಆದರೆ ಒಂದೊಂದು ಗುಂಪಿನೊಳಗೂ ಒಂದನ್ನೊಂದು ಹೋಲುವ ಹಲವು ಜಾತಿಗಳಿವೆ. ಹಿಡಿದ ಮೀನನ್ನು ಇಟ್ಟುಕೊಳ್ಳಬೇಕೆ, ನೀರಿಗೆ ಬಿಡಬೇಕೆ ಎಂಬ ತೀರ್ಮಾನ ಜಾತಿಯನ್ನು ಸರಿಯಾಗಿ ಗುರುತಿಸುವುದರ ಮೇಲೆ ನಿಂತಿದೆ.

ಈ ಕೆರೆಗಳಲ್ಲಿ ಇವೇ ಹೆಚ್ಚಾಗಿ ಉಳಿಯುವುದಕ್ಕೆ ಕಾರಣವಿದೆ. 16ನೇ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದ ಗವಿಪುರದ ಕೆಂಪಾಂಬುಧಿಯಾಗಲಿ, 1882ರಲ್ಲಿ ಮಲ್ಲೇಶ್ವರದ ಮಗ್ಗುಲಲ್ಲಿ ಕಟ್ಟಿದ ಸ್ಯಾಂಕಿ ಕೆರೆಯಾಗಲಿ, ನಗರದ ಕೆರೆಗಳೆಲ್ಲ ಮಳೆನೀರು ಹಿಡಿಯಲು ಮನುಷ್ಯರು ಮಾಡಿಕೊಂಡವು. ಬೇಸಿಗೆಯಲ್ಲಿ ನೀರು ಇಳಿದಾಗ, ರಾಜಕಾಲುವೆಯಿಂದ ಕೊಳಚೆ ಹರಿದು ಬಂದಾಗ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿಯುತ್ತದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ನಗರ ಕಂಡಿದೆ. ಕೊರವಕ್ಕೂ ಮಾಗೂರಿಗೂ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವಿದೆ. ಅವು ಮೇಲೆ ಬಂದು ಬಾಯಿತುಂಬ ಗಾಳಿ ಎಳೆದುಕೊಂಡು ಮತ್ತೆ ಆಳಕ್ಕಿಳಿಯುತ್ತವೆ.

ಕೊರವಗಳನ್ನು ಬಣ್ಣ ನೋಡಿ ಗುರುತಿಸಲು ಹೊರಡುವುದೇ ಸಾಮಾನ್ಯವಾಗಿ ಆಗುವ ತಪ್ಪು. ತಿಳಿನೀರಿನಲ್ಲಿ ಬೆಳೆದ ಮೀನಿಗೂ ರಾಡಿನೀರಿನಲ್ಲಿ ಬೆಳೆದದ್ದಕ್ಕೂ ಬಣ್ಣದಲ್ಲಿ ಬಹಳ ಅಂತರ. ವಯಸ್ಸಿನೊಂದಿಗೂ ಬಣ್ಣ ಬದಲಾಗುತ್ತದೆ. ಹೆಸರನ್ನೂ ನೆಚ್ಚುವಂತಿಲ್ಲ, ಅದು ಊರೂರಿಗೆ ಬೇರೆ. ನಂಬಬಹುದಾದದ್ದು ಬೆನ್ನಿನ ರೆಕ್ಕೆ ಮತ್ತು ಹುರುಪೆ. ಕೈಯನ್ನು ಮೊದಲು ಒದ್ದೆ ಮಾಡಿಕೊಂಡು, ಮೀನನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಬೆನ್ನುದ್ದಕ್ಕೂ ಇರುವ ರೆಕ್ಕೆಯನ್ನು ಬಿಡಿಸಿ ಹಿಡಿದರೆ ಒಳಗಿನ ಕಡ್ಡಿಗಳು ಒಂದೊಂದಾಗಿ ಕಾಣುತ್ತವೆ. ಕೊರವದ ಈ ರೆಕ್ಕೆಯಲ್ಲಿ ಚುಚ್ಚುವ ಮುಳ್ಳಿಲ್ಲ, ಎಲ್ಲವೂ ಮೆದುಕಡ್ಡಿಗಳೇ. ಆದ್ದರಿಂದ ನಿರಾಳವಾಗಿ ಎಣಿಸಬಹುದು. ನೀರಿನಿಂದ ಹೊರಗೆ ಹೆಚ್ಚು ಹೊತ್ತು ಇಡುವಂತಿಲ್ಲದಿದ್ದರೆ ಒಂದು ಫೋಟೊ ತೆಗೆದು ಆಮೇಲೆ ಎಣಿಸಿದರೂ ಆಯಿತು.

ಹೂ ಮುರಲ್, ಅಂದರೆ ಚನ್ನಾ ಮಾರುಲಿಯಸ್, ಈ ಗುಂಪಿನ ದೊಡ್ಡಣ್ಣ. ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು. ಬೆನ್ನಿನ ರೆಕ್ಕೆಯಲ್ಲಿ 45ರಿಂದ 55 ಕಡ್ಡಿಗಳಿರುತ್ತವೆ. ಪಕ್ಕೆಯ ರೇಖೆಯ ಉದ್ದಕ್ಕೆ 60ರಿಂದ 70 ಹುರುಪೆಗಳು. ಬಾಲದ ಬುಡದ ಮೇಲುಭಾಗದಲ್ಲಿ ತಿಳಿ ಅಂಚಿನ ಕಪ್ಪು ಕಣ್ಣುಚುಕ್ಕೆ ಇರುತ್ತದೆ, ಮೈಮೇಲೆ ಅಲ್ಲಲ್ಲಿ ಮುತ್ತಿನಂಥ ಬಿಳಿ ಚುಕ್ಕೆಗಳು. ವಯಸ್ಸಾದ ಮೀನಿನಲ್ಲಿ ಕಣ್ಣುಚುಕ್ಕೆ ಮಸುಕಾಗುವುದರಿಂದ ಎಣಿಕೆಯೇ ಕಡೆಯ ಸಾಕ್ಷಿ.

ಕುಚ್ಚಿನ ಮುರಲ್, ಅಂದರೆ ಚನ್ನಾ ಸ್ಟ್ರಯೇಟಾ, ಮಾರುಕಟ್ಟೆಯಲ್ಲಿ ಜೀವಂತವಾಗಿ ಮಾರುವ ಮೀನು. ರೆಕ್ಕೆಯ ಕಡ್ಡಿಗಳು 37ರಿಂದ 46, ಪಕ್ಕೆಯ ಹುರುಪೆಗಳು 50ರಿಂದ 57. ಬಾಲದ ಬುಡದಲ್ಲಿ ಕಣ್ಣುಚುಕ್ಕೆಯಿಲ್ಲ; ಬೆನ್ನಿನಿಂದ ಬಿಳಿ ಹೊಟ್ಟೆಯತ್ತ ಓರೆಯಾಗಿ ಇಳಿಯುವ ಕಪ್ಪು ಪಟ್ಟೆಗಳಿವೆ. ಎರಡರ ಕಡ್ಡಿಗಳ ಎಣಿಕೆ 45ರ ಆಸುಪಾಸಿನಲ್ಲಿ ಒಂದರ ಮೇಲೊಂದು ಬರಬಹುದು. ಆಗ ಹುರುಪೆ ಎಣಿಸಿದರೆ ಸಂಶಯ ಉಳಿಯುವುದಿಲ್ಲ.

ಉಳಿದ ಎರಡು ಚಿಕ್ಕವು. ಚನ್ನಾ ಪಂಕ್ಟೇಟಾ ಒಂದು ಅಡಿ ದಾಟುವುದು ಅಪರೂಪ. ರೆಕ್ಕೆಯಲ್ಲಿ 28ರಿಂದ 33 ಕಡ್ಡಿಗಳು, ಪಕ್ಕೆಯಲ್ಲಿ ಸುಮಾರು 40 ದೊಡ್ಡ ಹುರುಪೆಗಳು. ಚನ್ನಾ ಗಚುವಾ ಗೇಣುದ್ದದ್ದು. ಅದರ ರೆಕ್ಕೆಗಳಿಗೆ ಕಿತ್ತಳೆ ಅಂಚಿದೆ, ಎದೆಯ ರೆಕ್ಕೆಯ ಮೇಲೆ ಬಿಲ್ಲಿನಂತೆ ಬಾಗಿದ ಗೆರೆಗಳಿವೆ. ಇವನ್ನು ದೊಡ್ಡ ಮುರಲ್‌ನ ಮರಿಗಳೆಂದು ತಿಳಿಯುವವರು ಬಹಳ.

ಮೀಸೆ ಮೀನುಗಳಲ್ಲಿ ಬೆನ್ನಿನ ರೆಕ್ಕೆಯ ಉದ್ದವೇ ಮೊದಲ ಗುರುತು. ಚೇಳು ಮೀನಿಗೆ ನಾಲ್ಕು ಜೊತೆ ಮೀಸೆ, ಬೆನ್ನಿನ ಮೇಲೆ ಪುಟ್ಟ ರೆಕ್ಕೆ. ಇದರ ಎದೆಯ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಆ ಭಾಗವನ್ನು ತಾಳುವಷ್ಟು ಬಿಸಿಯ ನೀರಿನಲ್ಲಿ ಇಟ್ಟರೆ ನೋವು ತಗ್ಗುತ್ತದೆ. ಬಾವು ಹೆಚ್ಚಿದರೆ ವೈದ್ಯರಲ್ಲಿಗೆ ಹೋಗಬೇಕು. ನದಿ, ದೊಡ್ಡ ಜಲಾಶಯಗಳ ಬಾಳೆ ಮೀನಿಗೂ ಬೆನ್ನಿನ ರೆಕ್ಕೆ ಪುಟ್ಟದೇ. ಆದರೆ ಮೀಸೆ ಎರಡೇ ಜೊತೆ, ಬಾಯಿ ಕಣ್ಣಿಗಿಂತ ಹಿಂದಕ್ಕೆ ಸೀಳಿದೆ.

ಬೆನ್ನುದ್ದಕ್ಕೂ ರೆಕ್ಕೆಯಿದ್ದು ನಾಲ್ಕು ಜೊತೆ ಮೀಸೆಯಿದ್ದರೆ ಅದು ನಾಡಿನ ಮಾಗೂರು ಅಥವಾ ಆಫ್ರಿಕನ್ ಕ್ಯಾಟ್‌ಫಿಶ್. ಇಲ್ಲಿ ತಲೆಯನ್ನು ಮೇಲಿನಿಂದ ನೋಡಬೇಕು. ತಲೆಬುರುಡೆ ಮುಗಿದು ಮೈ ಶುರುವಾಗುವ ಕಡೆ ನಾಡಿನ ಮಾಗೂರಿನ ಮೂಳೆ ಒಂದೇ ಮೊನೆಯಾಗಿ ಕೊನೆಗೊಳ್ಳುತ್ತದೆ. ಆಫ್ರಿಕನ್ ಮೀನಿನಲ್ಲಿ ಆ ಅಂಚು ಏರಿಳಿದು ಹಲವು ಮೊನೆಗಳಾಗಿ ಕಾಣುತ್ತದೆ. ಮೈಮೇಲೆ ಅಮೃತಶಿಲೆಯಂಥ ಕಲೆಗಳಿದ್ದು ಮೀನು ಎರಡು ಅಡಿ ಮೀರಿದ್ದರೆ ಅದು ಹೊರಗಿನದೇ ಎನ್ನಬಹುದು. ಸಿಕ್ಕಿದ್ದನ್ನೆಲ್ಲ ನುಂಗಿ ನಾಡಿನ ಮೀನುಗಳನ್ನು ಅಳಿಸುತ್ತದೆಂಬ ಕಾರಣಕ್ಕೆ ಭಾರತದಲ್ಲಿ ಇದರ ಸಾಕಣೆಯನ್ನು ನಿಷೇಧಿಸಲಾಗಿದೆ. ಆದರೂ ಕದ್ದುಮುಚ್ಚಿ ಸಾಕಿದ ಹೊಂಡಗಳಿಂದ ತಪ್ಪಿಸಿಕೊಂಡು ಕೆರೆಗಳಲ್ಲಿ ನೆಲೆಯೂರಿದೆ.

ಕೆರೆಯ ಮೀನುಗಾರಿಕೆ ಹಕ್ಕನ್ನು ಗುತ್ತಿಗೆಗೆ ಕೊಡುವುದು ವಾಡಿಕೆಯಾದ್ದರಿಂದ ಗಾಳ ಹಾಕುವ ಮುನ್ನ ಒಪ್ಪಿಗೆ ಪಡೆಯಬೇಕು. ಮಳೆಗಾಲದಲ್ಲಿ ನೀರಿನ ಮೇಲೆ ಮುರಲ್ ಮರಿಗಳ ಕೆಂಪು ಹಿಂಡು ಕಂಡರೆ ಅದರ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಅವನ್ನು ಹಿಡಿದರೆ ಇಡೀ ಹಿಂಡು ಬೇರೆ ಮೀನುಗಳ ಪಾಲು, ಹಾಗಾಗಿ ಅಲ್ಲಿ ಗಾಳ ಹಾಕಬಾರದು. ನಾಡಿನ ಮಾಗೂರು ಸಿಕ್ಕರೆ ಅದೇ ನೀರಿಗೆ ಮರಳಿ ಬಿಡುವುದು ಒಳ್ಳೆಯದು. ಆಫ್ರಿಕನ್ ಕ್ಯಾಟ್‌ಫಿಶ್ ಅನ್ನು ಮಾತ್ರ ಕನಿಕರದಿಂದಲೂ ಬೇರೆ ಕೆರೆಗೋ ಕಲ್ಯಾಣಿಗೋ ಬಾವಿಗೋ ಬಿಡಬೇಡಿ.