ಕೋಳಿಯ ಕೆಮ್ಮು, ಹುಡುಗನ ನೆಗಡಿ

1960ರಲ್ಲಿ ಇಂಗ್ಲೆಂಡಿನ ಸರ್ರೆಯ ವಸತಿಶಾಲೆಯೊಂದರ ಹುಡುಗನಿಗೆ ನೆಗಡಿಯಾಯಿತು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಅವನ ಮೂಗು ತೊಳೆದ ನೀರು ‘ಬಿ814’ ಎಂಬ ಗುರುತು ಹೊತ್ತು ಸಾಲಿಸ್‌ಬರಿಯ ನೆಗಡಿ ಸಂಶೋಧನಾ ಕೇಂದ್ರ ಸೇರಿತು. ಅಲ್ಲಿನ ವಿಜ್ಞಾನಿಗಳಿಗೆ ಅದು ವರ್ಷಗಟ್ಟಲೆ ಬಿಡಿಸಲಾಗದ ಒಗಟಾಯಿತು.

ಆ ಕೇಂದ್ರವೇ ಒಂದು ವಿಚಿತ್ರ ಜಾಗ. ಯುದ್ಧಕಾಲದಲ್ಲಿ ಅಮೆರಿಕದವರು ಕಟ್ಟಿಸಿದ್ದ ಆಸ್ಪತ್ರೆಯ ಶೆಡ್ಡುಗಳಲ್ಲಿ 1946ರಲ್ಲಿ ಶುರುವಾದದ್ದು. ಸ್ವಯಂಸೇವಕರು ಹತ್ತು ದಿನ ಬಂದು ಇರುತ್ತಿದ್ದರು. ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು ಕಾಸು. ಬದಲಿಗೆ ಮೂಗಿಗೆ ಬಿಡುವ ಹನಿಯಲ್ಲಿ ಏನಿದೆಯೆಂದು ಕೇಳುವಂತಿಲ್ಲ. ಯಾರಿಗೆ ಎಷ್ಟು ನೆಗಡಿಯಾಯಿತೆಂದು ತಿಳಿಯಲು ಅವರು ಬಳಸಿ ಎಸೆದ ಕಾಗದದ ಕರವಸ್ತ್ರಗಳನ್ನೂ ಎಣಿಸುತ್ತಿದ್ದರು.

ಬಿ814ರ ಹನಿ ಬಿಟ್ಟವರಿಗೆ ನೆಗಡಿಯಾಗುತ್ತಿತ್ತು. ಎಂದರೆ ಅದರಲ್ಲಿ ವೈರಸ್ ಇದೆ. ಆದರೆ ಪ್ರಯೋಗಾಲಯದ ಕೊಳವೆಗಳಲ್ಲಿ ಸಾಕಿದ ಮಾಮೂಲಿ ಜೀವಕೋಶಗಳಲ್ಲಿ ಅದು ಬೆಳೆಯಲೊಲ್ಲದು. ಕೇಂದ್ರದ ಡೇವಿಡ್ ಟಿರೆಲ್‌ಗೆ ದಾರಿ ತೋರಿಸಿದವನು ಸ್ವೀಡನ್ನಿನ ಬರ್ಟಿಲ್ ಹೂರ್ನ್. ಮನುಷ್ಯ ಭ್ರೂಣದ ಶ್ವಾಸನಾಳದ ಚೂರುಗಳನ್ನು, ಅವುಗಳ ಒಳಮೈಯ ರೋಮಗಳು ಇನ್ನೂ ಮಿಡಿಯುತ್ತಿರುವಂತೆ, ಗಾಜಿನ ಪಾತ್ರೆಯಲ್ಲಿ ಜೀವಂತ ಇಡುವುದು ಆತನಿಗೆ ಗೊತ್ತಿತ್ತು. ಬಿ814 ಆ ಚೂರುಗಳಲ್ಲಿ ಬೆಳೆಯಿತು. ಬೆಳೆದಿದೆಯೆಂದು ತಿಳಿಯುವುದಕ್ಕೆ ಮಾತ್ರ ಆ ದ್ರವವನ್ನು ಮತ್ತೆ ಮನುಷ್ಯರ ಮೂಗಿಗೇ ಬಿಡಬೇಕಾಗಿತ್ತು. ಟಿರೆಲ್ ಮತ್ತು ಆತನ ಸಹೋದ್ಯೋಗಿ ಬೈನೊ ಇದನ್ನು 1965ರಲ್ಲಿ ಪ್ರಕಟಿಸಿದರು. ಇನ್ನೊಂದು ಸುಳಿವೂ ಸಿಕ್ಕಿತು: ಈಥರ್ ತಾಕಿದರೆ ಈ ವೈರಸ್ ಸಾಯುತ್ತಿತ್ತು. ಹಾಗಾದರೆ ಅದಕ್ಕೆ ಕೊಬ್ಬಿನ ಹೊದಿಕೆ ಇರಲೇಬೇಕು. ನೆಗಡಿ ತರುವುದರಲ್ಲಿ ಹೆಸರಾದ ರೈನೊವೈರಸ್‌ಗೆ ಅಂಥ ಹೊದಿಕೆಯಿಲ್ಲ. ಇದು ಬೇರೆಯೇ ಜಾತಿ. ಯಾವ ಜಾತಿ?

ಉತ್ತರವಿದ್ದದ್ದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಕಾಲೇಜಿನಲ್ಲಿ. ಅಲ್ಲಿನ ಪ್ರಾಧ್ಯಾಪಕ ವಾಟರ್‌ಸನ್ 1964ರಲ್ಲಿ ಕೆನಡಾದಿಂದ ಕರೆತಂದ ಜೂನ್ ಅಲ್ಮೇಡ, ಗ್ಲಾಸ್ಗೋದ ಬಸ್ ಚಾಲಕನೊಬ್ಬನ ಮಗಳು. ಕಾಲೇಜಿಗೆ ಹೋಗಲು ದುಡ್ಡಿಲ್ಲದೆ ಹದಿನಾರಕ್ಕೇ ಶಾಲೆ ಬಿಟ್ಟು, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿ ಕೆಲಸ ಕಲಿತವಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಮಾತ್ರ ಆಕೆಗೆ ಸಾಟಿಯಿರಲಿಲ್ಲ. ವೈರಸ್ ಕಾಣಬೇಕಾದರೆ ಅದನ್ನು ಮೊದಲು ಶುದ್ಧಮಾಡಿ ಗಟ್ಟಿ ಮಾಡಿಕೊಳ್ಳಬೇಕೆಂದು ಉಳಿದವರು ನಂಬಿದ್ದರು. ಆಕೆ ಮಾದರಿಗೆ ರೋಗದಿಂದ ಚೇತರಿಸಿಕೊಂಡವರ ರಕ್ತದ ಪ್ರತಿಕಾಯಗಳನ್ನು ಬೆರೆಸುತ್ತಿದ್ದಳು. ಬೆಲ್ಲದ ಚೂರಿಗೆ ಇರುವೆ ಮುತ್ತುವಂತೆ ಪ್ರತಿಕಾಯಗಳು ವೈರಸ್ಸನ್ನು ಮುತ್ತಿ ಒಂದಕ್ಕೊಂದು ಅಂಟಿಸಿ ಗುಂಪು ಮಾಡುತ್ತಿದ್ದವು. ಭಾರಲೋಹದ ಲವಣದಿಂದ ಹಿನ್ನೆಲೆಗೆ ಕಪ್ಪು ಬಳಿದರೆ, ಆ ಗುಂಪುಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು.

ಆಕೆಯ ಈ ವಿಧಾನದ ಬಗ್ಗೆ ಕೇಳಿದ ಟಿರೆಲ್‌ಗೆ ಪೂರ್ತಿ ನಂಬಿಕೆ ಬರಲಿಲ್ಲ. ಇನ್‌ಫ್ಲುಯೆಂಜಾ, ಹರ್ಪಿಸ್‌ನಂಥ ಗೊತ್ತಿರುವ ವೈರಸ್‌ಗಳ ಜೊತೆಗೆ ಬಿ814 ಅನ್ನೂ ಕಳಿಸಿ ಪರೀಕ್ಷಿಸಿದ. ಅಲ್ಮೇಡ ಗೊತ್ತಿರುವುದನ್ನೆಲ್ಲ ಗುರುತಿಸಿದಳು. ಬಿ814 ಕೂಡ ಸಿಕ್ಕಿತು: ಉರುಟು ಮೈ, ಸುತ್ತ ತುದಿ ದಪ್ಪಗಾದ ಮುಳ್ಳುಗಳ ಸಾಲು. ಅಷ್ಟೇ ಅಲ್ಲ, ಇಂಥದ್ದನ್ನು ತಾನು ಮೊದಲೇ ಎರಡು ಸಲ ಕಂಡಿದ್ದೇನೆ ಎಂದಳು. ಒಮ್ಮೆ ಕೋಳಿಗಳ ಶ್ವಾಸನಾಳದ ರೋಗದಲ್ಲಿ, ಇನ್ನೊಮ್ಮೆ ಇಲಿಗಳ ಯಕೃತ್ತಿನ ಉರಿಯೂತದಲ್ಲಿ. ಅದನ್ನು ವಿಜ್ಞಾನ ಪತ್ರಿಕೆಗೆ ಬರೆದು ಕಳಿಸಿದ್ದಾಗ, ಇವು ಇನ್‌ಫ್ಲುಯೆಂಜಾ ವೈರಸ್ಸಿನ ಕೆಟ್ಟ ಚಿತ್ರಗಳು ಎಂದು ಪರಿಶೀಲಕರು ತಿರಸ್ಕರಿಸಿದ್ದರು.

ಕೋಳಿ ಸಾಕುವವರಿಗೆ ಈ ರೋಗ ಹೊಸದಲ್ಲ. 1931ರಲ್ಲೇ ಅಮೆರಿಕದ ನಾರ್ತ್ ಡಕೋಟದಲ್ಲಿ ಶಾಕ್ ಮತ್ತು ಹಾನ್ ಎಂಬವರು ಏದುಸಿರು ಬಿಟ್ಟು ಸಾಯುವ ಕೋಳಿಮರಿಗಳ ಬಗ್ಗೆ ವರದಿ ಮಾಡಿದ್ದರು. 1937ರ ಹೊತ್ತಿಗೆ ಅದರ ವೈರಸ್ಸನ್ನು ಮೊಟ್ಟೆಯೊಳಗೆ ಬೆಳೆಸಿಯೂ ಆಗಿತ್ತು. ಮೂವತ್ತು ವರ್ಷ ಪಶುವೈದ್ಯರ ಕೈಯಲ್ಲಿದ್ದ ವೈರಸ್ಸಿನ ಬಂಧುವನ್ನು ಮನುಷ್ಯರ ವೈದ್ಯರು ಗುರುತು ಪರಿಚಯವಿಲ್ಲದಂತೆ ಹುಡುಕುತ್ತಿದ್ದರು. ಎರಡೂ ಕಡೆಯ ಮಾದರಿಗಳು ಒಬ್ಬಳದೇ ಕಣ್ಣಿಗೆ ಬಿದ್ದದ್ದರಿಂದ ನಂಟು ಸಿಕ್ಕಿತು.

ಅಷ್ಟರಲ್ಲಿ ಶಿಕಾಗೊದಲ್ಲಿ ಡೊರೊತಿ ಹ್ಯಾಮ್ರೆ ಮತ್ತು ಜಾನ್ ಪ್ರಾಕ್ನೊ ನೆಗಡಿಯಾದ ವೈದ್ಯವಿದ್ಯಾರ್ಥಿಗಳಿಂದ 229ಇ ಎಂಬ ವೈರಸ್ ಬೇರ್ಪಡಿಸಿದ್ದರು. 1967ರಲ್ಲಿ ಅಲ್ಮೇಡ ಮತ್ತು ಟಿರೆಲ್ ಬಿ814, 229ಇ ಮತ್ತು ಕೋಳಿಯ ವೈರಸ್ ಮೂರೂ ಒಂದೇ ರೂಪದವೆಂದು ಚಿತ್ರಸಮೇತ ತೋರಿಸಿದರು. ಮುಳ್ಳುಗಳ ಆ ಅಂಚು ಸೂರ್ಯನ ಪ್ರಭಾವಲಯದಂತೆ ಕಂಡದ್ದರಿಂದ ಕುಟುಂಬಕ್ಕೆ ‘ಕೊರೊನಾ’ ಎಂಬ ಹೆಸರು ಬಂತು. 1968ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆ ಹೆಸರನ್ನು ಸೂಚಿಸಿದವರು ಎಂಟು ಮಂದಿ. ಅವರಲ್ಲಿ ಅಯೋವಾದ ಹಾಫ್‌ಸ್ಟಾಡ್, ಮಿಶಿಗನ್ನಿನ ಕನಿಂಗ್‌ಹ್ಯಾಮ್ ಇಬ್ಬರೂ ಕೋಳಿರೋಗಗಳ ಪಂಡಿತರು.

ಅಲ್ಲಿಂದಾಚೆ ಮನುಷ್ಯರ ವೈದ್ಯರಿಗೆ ಈ ಕುಟುಂಬದಲ್ಲಿ ಆಸಕ್ತಿ ಇಳಿಯಿತು. ಬರಿಯ ನೆಗಡಿ ತಾನೆ! ಹಂದಿ, ಕರು, ಬೆಕ್ಕು, ಕೋಳಿಗಳಲ್ಲಿ ಅದರ ಕಾಟ ಕಂಡಿದ್ದ ಪಶುವೈದ್ಯ ವಿಜ್ಞಾನಿಗಳು ಕೆಲಸ ಬಿಡಲಿಲ್ಲ. ಕೋಳಿಗೆ ಲಸಿಕೆಯೂ ಇತ್ತು. 2003ರಲ್ಲಿ ಸಾರ್ಸ್ ಎಂಬ ಮಾರಕ ರೋಗ ಹರಡಿದಾಗ ಅದರ ವೈರಸ್ ಯಾವ ಮನೆತನದ್ದೆಂದು ಸೂಕ್ಷ್ಮದರ್ಶಕದ ಚಿತ್ರಗಳೂ ಹೇಳಿದವು. ಆ ಮನೆತನ ಹೇಗೆ ಬದುಕುತ್ತದೆ, ಹೇಗೆ ರೂಪ ಬದಲಿಸುತ್ತದೆ ಎಂದು ತಿಳಿಯಹೊರಟ ವೈದ್ಯರು ತೆರೆಯಬೇಕಾಗಿ ಬಂದದ್ದು ಬಹುಪಾಲು ಕೋಳಿ, ಇಲಿ, ಹಂದಿಗಳ ಕಡತಗಳನ್ನೇ.