ಅಜ್ಜಿಗೆ ಮುಖ, ಆಯಮ್ಮನಿಗೆ ಗಡಿಯಾರ

ಬೆಳಗ್ಗೆ ಒಂಬತ್ತೂವರೆ. ಬೆಂಗಳೂರಿನ ಬಸವೇಶ್ವರನಗರದ ಅಡ್ಡರಸ್ತೆಯೊಂದರಲ್ಲಿ ಯಾರದೋ ಮನೆಯಾಗಿದ್ದು ಈಗ ಡೇಕೇರ್ ಆಗಿರುವ ಕಟ್ಟಡ. ಗೇಟಿನ ಬಳಿ ಒದ್ದೆ ಛತ್ರಿಗಳು, ಪುಟ್ಟ ಚಪ್ಪಲಿಗಳು, ಒಂದೆರಡು ಅಳು. ಎರಡು ವರ್ಷ ದಾಟಿದ ಪುಟ್ಟಿಯನ್ನು ಸೊಂಟದಿಂದ ಇಳಿಸಿ ಅಮ್ಮ ಬ್ಯಾಗನ್ನು ಆಯಮ್ಮನ ಕೈಗಿಡುತ್ತಾಳೆ.

"ಅಕ್ಕಾ, ಇವತ್ತಿಂದ ಡೈಪರ್ ಇಲ್ಲ. ಬರೀ ಚಡ್ಡಿ. ಸ್ವಲ್ಪ ನೋಡ್ಕೊಳಿ."

"ಎಷ್ಟು ಜೊತೆ ಇಟ್ಟಿದೀರಾ ಮೇಡಂ?"

"ನಾಲ್ಕು."

ಆಯಮ್ಮ ಮೋಡದ ಕಡೆ ಒಮ್ಮೆ ನೋಡುತ್ತಾಳೆ. ಆಷಾಢದ ಜಿಟಿಜಿಟಿ. "ಇನ್ನೆರಡು ನಾಳೆ ತಂದ್ಬಿಡಿ. ಈ ಮಳೇಲಿ ಯಾವುದೂ ಒಣಗಲ್ಲ."

ಒಳಗೆ ಬಚ್ಚಲುಮನೆಯ ಗೋಡೆಗೆ ಒರಗಿಸಿ ಮೂರು ಪ್ಲಾಸ್ಟಿಕ್ ಪಾಟಿಗಳಿವೆ: ಹಳದಿ ಬಾತುಕೋಳಿ, ಹಸಿರು ಕಪ್ಪೆ, ಮೂತಿಯಿಲ್ಲದ ಬರೀ ನೀಲಿ. ಪಕ್ಕದಲ್ಲಿ ಬಕೆಟ್ಟು, ಮಗ್ಗು, ನೆಲ ಒರೆಸುವ ಬಟ್ಟೆ, ಫಿನಾಯಿಲ್ ವಾಸನೆ. ಇಲ್ಲಿ ಎಲ್ಲವೂ ಗಡಿಯಾರದ ಲೆಕ್ಕ. ಬಂದ ಕೂಡಲೇ ಒಮ್ಮೆ, ಬಿಸ್ಕತ್ತು ತಿಂದ ಮೇಲೆ ಒಮ್ಮೆ, ಊಟಕ್ಕೆ ಮುಂಚೆ, ಮಲಗಿ ಎದ್ದ ಮೇಲೆ, ಮನೆಗೆ ಹೊರಡುವ ಮುನ್ನ. ಮಕ್ಕಳು ಒಬ್ಬರ ಅಂಗಿ ಇನ್ನೊಬ್ಬರು ಹಿಡಿದು ಚುಕುಬುಕು ಅನ್ನುತ್ತಾ ಸಾಲಾಗಿ ಬಚ್ಚಲಿಗೆ ಹೋಗುತ್ತವೆ. ಹತ್ತು ಮಕ್ಕಳಿಗೆ ಇಬ್ಬರು ಆಯಮ್ಮಂದಿರಿದ್ದಾಗ ಇನ್ನೇನು ಮಾಡಿಯಾರು?

ಕಪ್ಪೆಯ ಮೇಲೆ ಮೂರು ವರ್ಷದ ಹುಡುಗನೊಬ್ಬ ಮೊಣಕಾಲ ಮೇಲೆ ಕೈಯಿಟ್ಟು ಗ್ರಾಮ ಪಂಚಾಯಿತಿ ಅಧ್ಯಕ್ಷನ ಗಾಂಭೀರ್ಯದಲ್ಲಿ ಕೂತಿದ್ದಾನೆ. ಪುಟ್ಟಿ ಎದುರು ನಿಂತು ಕಣ್ಣು ಮಿಟುಕಿಸದೆ ನೋಡುತ್ತಾಳೆ. ಅವನು ಎದ್ದದ್ದೇ ತಾನು ಕೂರುತ್ತಾಳೆ. ಏನೂ ಆಗುವುದಿಲ್ಲ. ಎದ್ದು ಬಂದು ಆಟದ ಸಾಮಾನಿನ ಮುಂದೆ ನಿಂತ ಕೂಡಲೇ ಚಡ್ಡಿ, ಕಾಲು, ನೆಲ ಎಲ್ಲ ಒದ್ದೆ. ಆಯಮ್ಮ ಬೈಯುವುದಿಲ್ಲ. "ಆಯ್ತಾ? ಆಮೇಲೆ ಕಪ್ಪೆ ಹತ್ರ ಮಾಡೋಣ" ಎಂದು ಒರೆಸುತ್ತಾಳೆ. ಸಂಜೆ ಬ್ಯಾಗಿನೊಳಗೆ ಗಂಟು ಹಾಕಿದ ಪ್ಲಾಸ್ಟಿಕ್ ಕವರು. ಅದರ ತೂಕದಲ್ಲೇ ಅಮ್ಮನಿಗೆ ಆ ದಿನದ ವರದಿ ಗೊತ್ತಾಗುತ್ತದೆ.

ಮನೆಯಲ್ಲಿ ಅಜ್ಜಿಯ ಶಾಸ್ತ್ರವೇ ಬೇರೆ. ಹಾಸನದ ಕಡೆಯ ಹಳ್ಳಿಯಿಂದ ಬಂದಿರುವ ಅಜ್ಜಿ ಗಡಿಯಾರ ನೋಡುವವಳಲ್ಲ. ತನ್ನ ಮಕ್ಕಳನ್ನೆಲ್ಲ ಕುತ್ತಿಗೆ ನಿಂತ ತಿಂಗಳಿಂದಲೇ, ಕಾಲು ಚಾಚಿ ಪಾದಗಳ ನಡುವೆ ಕೂರಿಸಿಕೊಂಡು, ಬಾಯಲ್ಲಿ ಶ್ಶ್ ಅನ್ನುತ್ತಾ ಅಭ್ಯಾಸ ಮಾಡಿಸಿದವಳು. ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಕೂರಿಸಬೇಕೆಂಬುದು ಅವಳ ಲೆಕ್ಕ. ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ ಎಂದು ವೈದ್ಯರು ಹೇಳುವುದೂ ಅದನ್ನೇ. ಪುಟ್ಟಿ ಆಟ ನಿಲ್ಲಿಸಿ ಪರದೆಯ ಹಿಂದೆ ಸರಿದಳೆಂದರೆ, ಹುಬ್ಬು ಗಂಟಿಕ್ಕಿತೆಂದರೆ, ಅಡುಗೆಮನೆಯಿಂದಲೇ ಅಜ್ಜಿಯ ಕೂಗು: "ಬಂತು ಬಂತು, ಎತ್ಕೊಳ್ರೋ ಅವಳನ್ನ!"

ಡೈಪರನ್ನು ಬೈಯುವುದು ಸುಲಭ. ಆದರೆ ಆಫೀಸಿಗೆ ಹೋಗುವ ತಾಯಿಗೆ, ಬಸ್ಸಿನ ಪಯಣಕ್ಕೆ, ಮಳೆಗಾಲಕ್ಕೆ ಅದರ ಉಪಕಾರ ಸಣ್ಣದಲ್ಲ. 1961ರಲ್ಲಿ ಅಮೆರಿಕದಲ್ಲಿ ಪ್ಯಾಂಪರ್ಸ್ ಮಾರುಕಟ್ಟೆಗೆ ಬಂತು; ಮರುವರ್ಷವೇ ಅಲ್ಲಿನ ಮಕ್ಕಳ ವೈದ್ಯ ಬ್ರೇಜಲ್ಟನ್, ಮಗು ತಾನಾಗಿ ತಯಾರಾಗುವವರೆಗೆ ಕಾಯಿರಿ ಎಂದು ಬರೆದರು. ಎರಡು ಗಂಟೆ ಒಣಗಿರುವುದು, ಹೇಳಿದ್ದು ಅರ್ಥವಾಗುವುದು, ತಾನೇ ಚಡ್ಡಿ ಎಳೆಯಲು ನೋಡುವುದು, ಇವು ತಯಾರಿಯ ಗುರುತುಗಳು. ಒಂದೂವರೆಯಿಂದ ಮೂರು ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ಕಾಣುತ್ತವೆ. ಡೈಪರಿನ ತೊಂದರೆ ಬೇರೆ ಕಡೆ ಇದೆ: ಅದು ಹೀರಿಕೊಂಡುಬಿಡುವುದರಿಂದ ಮಗುವಿಗೆ ಒದ್ದೆಯಾದದ್ದು ಗೊತ್ತಾಗುವುದಿಲ್ಲ, ದೊಡ್ಡವರು ಮಗುವಿನ ಮುಖ ನೋಡಬೇಕಾಗಿಯೂ ಇಲ್ಲ.

ಪುಟ್ಟಿಯ ಸುಸ್ಸು ಹೇಗೋ ದಾರಿಗೆ ಬಂತು. ಕಕ್ಕ ಬರಲಿಲ್ಲ. ಡೇಕೇರಿನಲ್ಲಿ ಬಿಗಿಹಿಡಿದು, ಮನೆಯಲ್ಲೂ ಕಾಲು ಹೆಣೆದುಕೊಂಡು, ಬೆರಳ ತುದಿಯಲ್ಲಿ ನಿಂತು, ಕೆಂಪಗಾಗಿ, "ಬೇಡಾ" ಎಂದು ಅಳು. ತಡೆಹಿಡಿದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ನೋವು, ನೋವಾದಷ್ಟೂ ತಡೆಹಿಡಿಯುವುದು. ಮಕ್ಕಳ ಡಾಕ್ಟರು ಪಾಟಿಯ ಮಾತನ್ನೇ ಎತ್ತಲಿಲ್ಲ. ಮೊದಲು ಹೊಟ್ಟೆ ಮೆತ್ತಗಾಗಲಿ, ನೀರು, ಪಪ್ಪಾಯಿ, ಸೊಪ್ಪು ಕೊಡಿ, ಹಾಲು ಸ್ವಲ್ಪ ಕಡಿಮೆ ಮಾಡಿ, ಕೂರಿಸುವಾಗ ಕಾಲು ತೂಗಾಡದಂತೆ ಸ್ಟೂಲ್ ಇಡಿ, ಗದರಬೇಡಿ ಎಂದರು. ಔಷಧಿಯೂ ಬರೆದುಕೊಟ್ಟರು. ಅಜ್ಜಿ ರಾತ್ರಿ ಒಣದ್ರಾಕ್ಷಿ ನೆನೆಹಾಕತೊಡಗಿದಳು. ಆಯಮ್ಮನಿಗೆ ಒಂದೇ ಮಾತು ಹೇಳಿ ಕಳಿಸಿದಳು: "ಊಟ ಆದ್ಮೇಲೆ ಕೂರ್ಸಮ್ಮಾ, ಊಟಕ್ಕೆ ಮುಂಚೆ ಅಲ್ಲ." ಆಯಮ್ಮ ತನ್ನ ವೇಳಾಪಟ್ಟಿಯಲ್ಲಿ ಪುಟ್ಟಿಗಾಗಿ ಒಂದು ಸರತಿ ಸೇರಿಸಿದಳು. ಅಷ್ಟು ಸಾಕಾಯಿತು.

ದುಡಿಯುವ ತಾಯಂದಿರಿಗೆ ಕಾನೂನೂ ಇದೆ ಅನ್ನಿ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ತಂದ ನಿಯಮದಂತೆ ಐವತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಪುಟ್ಟಿಯ ಅಮ್ಮನಿಗೆ ಮಾತ್ರ ಸಂಜೆಯ ಆ ಗಂಟು ಕವರೇ ಗತಿ. ರಾತ್ರಿಯ ಮಾತು ಇನ್ನೂ ದೂರ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಅದನ್ನು ಕಾಯಿಲೆ ಎನ್ನುವುದಿಲ್ಲ. ಹಾಗಾಗಿ ಹಾಸಿಗೆಯಡಿ ರಬ್ಬರ್ ಶೀಟು ಉಳಿದುಕೊಂಡಿದೆ.

ಶ್ರಾವಣದಲ್ಲಿ ಮಾವನ ಮಗಳ ಮದುವೆ. ಛತ್ರದಲ್ಲಿ ಆಯಮ್ಮನಿಲ್ಲ, ಗಡಿಯಾರವಿಲ್ಲ. ಅಜ್ಜಿ ಮುಂದಿನ ಸಾಲಿನಲ್ಲಿ ಅಕ್ಷತೆ ಹಿಡಿದು ಧಾರೆ ನೋಡುತ್ತಿದ್ದಾಳೆ. ಓಲಗ ಒಂದು ಕ್ಷಣ ನಿಂತಾಗ ಹಿಂದಿನ ಸಾಲಿನಿಂದ ಇಡೀ ಸಭೆಗೆ ಕೇಳುವ ಹಾಗೆ, "ಅಮ್ಮಾ, ಕಕ್ಕ ಬಂತು!"

ನಗೆಯ ನಡುವೆ ಅಮ್ಮ ಎತ್ತಿಕೊಂಡು ಓಡಿದರೆ, ಅಲ್ಲಿ ನೀರು ನಿಂತ ನೆಲ, ಮಗುವಿನ ಕಾಲಿಗೆ ಎಟುಕದ ಅಗಲದ ಇಂಡಿಯನ್ ಟಾಯ್ಲೆಟ್. "ನಂಗೆ ಕಪ್ಪೆ ಬೇಕು" ಎಂದು ರಚ್ಚೆ. ಅಷ್ಟರಲ್ಲಿ ಅಕ್ಷತೆಯನ್ನು ಪಕ್ಕದವರ ಕೈಗೆ ಸುರಿದು ಬಂದಿದ್ದ ಅಜ್ಜಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, "ಕಪ್ಪೆ ನೀನೇ ಆಗೇ, ಬಾ" ಎಂದು ಹಿಂದಿನಿಂದ ಎರಡೂ ತೊಡೆ ಹಿಡಿದು ಎತ್ತಿದಳು.

"ವಟರ್ ಅನ್ಲಾ ಅಜ್ಜಿ?"

"ಮೊದಲು ಕೆಲಸ ಮುಗಿಸು. ನನ್ನ ಸೊಂಟ ಹೋಗ್ತಾ ಇದೆ."